ಸುರೇಬಾನದ ಆ ರಾತ್ರಿಯ ಬಗ್ಗೆ

ಧಾರವಾಡ

ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ಮೊದಲ ಸಲ ಮುಂದಿಟ್ಟ ಚಹಾ ಆರಿಹೋಗಿದ್ದೂ ಗೊತ್ತಾಗಲಿಲ್ಲ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಬೇಜಾರು ಮಾಡ್ಕೋಬೇಡ.

ನರಗುಂದದ ಗುಡ್ಡ ನೋಡುತ್ತಲೇ ಬೆಳೆದವಳು ನೀನು. ಆದರೆ ನಿನ್ನ ಕತೆಯ ನಾಯಕ, ನರಗುಂದದ ಸಂಸ್ಥಾನಿಕ ಬಾಬಾಸಾಹೇಬ, ಮೊದಲ ಪುಟದಲ್ಲಿ ಎತ್ತಿದ ಕತ್ತಿಯನ್ನು ಕೊನೆಯವರೆಗೂ ಇಳಿಸುವುದೇ ಇಲ್ಲ. ಅವನ ಕೈ ನೋಯುವುದಿಲ್ಲವೇ?

ಇಂಗ್ಲಿಷರ ವಿರುದ್ಧ ಎದ್ದ ಆ ಬಂಡಾಯದ ದಿನಾಂಕ ಹಿಡಿದು ನೋಡು. 1857ರ ಸೆಪ್ಟೆಂಬರ್‌ನಲ್ಲೇ ದಿಲ್ಲಿ ಮತ್ತೆ ಇಂಗ್ಲಿಷರ ಕೈ ಸೇರಿತ್ತು. 1858ರ ಏಪ್ರಿಲ್‌ನಲ್ಲಿ ಝಾನ್ಸಿಯೂ ಹೋಯಿತು. ಇವನು ಎದ್ದದ್ದು ಮೇ ಕೊನೆಗೆ. ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೊರಟ ಹಾಗೆ, ಅಲ್ವಾ? ಗೆಲ್ಲುತ್ತೇನೆ ಅಂತ ಎದ್ದವನಲ್ಲ ಅಂತಲೇ ನನಗನಿಸುತ್ತದೆ. ಗಾದಿಗೆ ಮಗನಿಲ್ಲ. ದತ್ತು ತಗೊಳ್ಳಲು ಸರ್ಕಾರ ಬಿಡಲಿಲ್ಲ. ಆಮೇಲೆ ತೋಪುಗಳನ್ನೂ ತಂದೊಪ್ಪಿಸು ಅಂದರು. ಇವುಗಳಲ್ಲಿ ಯಾವುದು ಅವನಿಗೆ ನಿದ್ದೆ ಕೆಡಿಸಿತು? ನೀನು 'ತಾಯ್ನಾಡು' ಅಂತ ಒಂದು ಮಾತು ಹಾಕಿ ದಾಟಿಬಿಟ್ಟಿದ್ದೀಯ.

ರಾಮದುರ್ಗದ ಸಂಸ್ಥಾನಿಕನ ಕತೆ ಇನ್ನೂ ಗಟ್ಟಿ. ಅವನು ಬಾಬಾಸಾಹೇಬನ ಮಲಸಹೋದರ. 'ನೀನೂ ಬಾ' ಅಂತ ನರಗುಂದದಿಂದ ಅವನಿಗೆ ಕಾಗದ ಹೋಗಿತ್ತು. ಅವನು ಆ ಕಾಗದವನ್ನು ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ಗೇ ತೋರಿಸಿದ, ನರಗುಂದದ ಸೀಮೆಯಲ್ಲಿ ಹಾಯ್ದು ಹೋಗಬೇಡ ಅಂತ ಎಚ್ಚರಿಸಿದ. ನೀನು ಅವನಿಗೆ 'ದ್ರೋಹಿ' ಅಂತ ಹೆಸರಿಟ್ಟು ಒಂದೇ ಸಾಲಲ್ಲಿ ಮುಗಿಸಿದ್ದೀಯ. ಕಾಗದ ಮಡಚಿಟ್ಟು ಸುಮ್ನೆ ಕೂರಬಹುದಿತ್ತಲ್ಲ ಅವನು? ತನ್ನ ಸಂಸ್ಥಾನ, ತನ್ನ ಮಕ್ಕಳು ಉಳಿಯಲಿ ಅಂದುಕೊಂಡನೇ? ಅಣ್ಣತಮ್ಮಂದಿರ ಹಳೆಯ ಜಗಳ ಏನಾದರೂ ಇತ್ತೇ? ಅವನನ್ನು ಕ್ಷಮಿಸು ಅಂತ ನಾನು ಹೇಳುತ್ತಿಲ್ಲ. ಒಂದು ರಾತ್ರಿ ಅವನ ಮನೆಯಲ್ಲಿ ಕೂತು ಬಾ, ಅಷ್ಟೇ.

ಮ್ಯಾನ್ಸನ್ ಎಚ್ಚರಿಕೆ ಕೇಳಿಯೂ ಕೆಲವೇ ಸವಾರರ ಜೊತೆ ಹೊರಟ. ಮೇ 29ರ ರಾತ್ರಿ ದಣಿದು ಸುರೇಬಾನದಲ್ಲಿ ತಂಗಿದ. ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಅಲ್ಲೇ ಅವನ ತಲೆ ಹೋಯಿತು. ಜೂನ್ 2ಕ್ಕೆ ನರಗುಂದದ ಕೋಟೆ ಬಿತ್ತು, 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಸುರೇಬಾನದಿಂದ ನೇಣಿನ ತನಕ ಬರೀ ಎರಡು ವಾರ. ಸೈನ್ಯಗಳ ಲೆಕ್ಕ ಹಿಡಿದರೆ ಈ ವೇಗ ಅರ್ಥವಾಗುವುದಿಲ್ಲ. ಇವತ್ತು ಇಲ್ಲೇ ಮಲಗೋಣ ಅಂದ ಒಬ್ಬ, ಇವತ್ತೇ ಮುಗಿಸೋಣ ಅಂದ ಇನ್ನೊಬ್ಬ. ಅಲ್ಲಿಂದ ಹಿಡಿದರೆ ಅರ್ಥವಾಗುತ್ತದೆ.

ನಾನೂ ಇದೇ ಕತೆ ಬರೆದು ಕೆಟ್ಟವನೇ. ಇಪ್ಪತ್ತೈದರ ವಯಸ್ಸಲ್ಲಿ, ಭಾರಿ ಘೋಷಣೆ ಹಾಕಿ. ಓದಿದ ಹಿರಿಯರೊಬ್ಬರು ಒಂದೇ ಮಾತು ಕೇಳಿದರು: 'ಮ್ಯಾನ್ಸನ್ ಸಾಹೇಬನ ಜೋಡಿ ಬಂದ ಆಳುಮಕ್ಕಳು ಎಲ್ಲಿ ಹೋದ್ರೋ ತಮ್ಮಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಓಡಿದವರು, ನಿಂತವರು, ಕತ್ತಲಲ್ಲಿ ಬಾಯಿ ಮುಚ್ಚಿಕೊಂಡವರು, ಅವರೂ ಏನೋ ಒಂದನ್ನು ಆರಿಸಿಕೊಂಡವರೇ. ಹೆಸರು ದಾಖಲೆಯಲ್ಲಿಲ್ಲದಿದ್ದರೆ ನಿನ್ನ ಕೆಲಸ ಅಲ್ಲಿಂದಲೇ ಶುರು. ಹಲಗಲಿಯ ಲಾವಣಿ ಇವತ್ತಿಗೂ ಯಾಕೆ ಕಿವಿಯಲ್ಲಿ ಉಳಿಯುತ್ತದೆ? ಅಲ್ಲಿ ರಾಜನೇ ಇಲ್ಲ. ಇಂಗ್ಲಿಷರಿಗೆ ಹತಾರ ಕೊಡುವುದಿಲ್ಲ ಅಂದ ಬೇಡರಿದ್ದಾರೆ.

ಇನ್ನೊಂದು, ನಮ್ಮ ಸೀಮೆಯದಲ್ಲ. 1962ರ ಅಕ್ಟೋಬರ್ 27, ಕ್ಯೂಬಾ ಬಳಿ ಒಂದು ಸೋವಿಯತ್ ಸಬ್‌ಮರೀನ್. ಮೇಲಿಂದ ಅಮೆರಿಕದ ಹಡಗುಗಳು ಸಿಡಿಮದ್ದು ಬಿಡುತ್ತಿದ್ದವು. ಒಳಗೆ ಉಸಿರು ಕಟ್ಟುವ ಸೆಕೆ. ಕ್ಯಾಪ್ಟನ್ ಅಣು ಟಾರ್ಪಿಡೊ ಸಿದ್ಧಮಾಡಿ ಅಂದ. ವಾಸಿಲಿ ಅರ್ಕಿಪೊವ್ ಎಂಬ ಅಧಿಕಾರಿ ಒಪ್ಪಲಿಲ್ಲ. ಹಾಗಂತ ಅದೇ ಹಡಗಿನಲ್ಲಿದ್ದವರೊಬ್ಬರು ಆಮೇಲೆ ಹೇಳಿದ್ದಾರೆ. ಸಬ್‌ಮರೀನ್ ಮೇಲೆ ಬಂತು, ಮನೆಗೆ ಹೋಯಿತು. ಏನೂ ನಡೆಯದ ಇಂಥ ಗಳಿಗೆಯನ್ನು ಬರೆಯುವುದು ಕತ್ತಿ ಬೀಸಿದ್ದನ್ನು ಬರೆಯುವುದಕ್ಕಿಂತ ಕಷ್ಟ. ನನಗಂತೂ ಇನ್ನೂ ಬಂದಿಲ್ಲ.

ರಾಮದುರ್ಗದ ಬಸ್ ಹತ್ತಿ ಒಮ್ಮೆ ಸುರೇಬಾನಕ್ಕೆ ಹೋಗಿ ಬಾ. ಮೇ ತಿಂಗಳಲ್ಲೇ ಹೋಗು, ಆ ಸೆಕೆ ನಿನಗೆ ಬೇಕು. ಆಮೇಲೆ ಕತೆ ತಿದ್ದಿ ಕಳಿಸು. ಹಾಳೆಯ ಒಂದೇ ಮಗ್ಗುಲಿಗೆ ಬರೆ. ಹಿಂದಿನ ಮಸಿ ಮೂಡಿ ನನ್ನ ಕಣ್ಣಿಗೆ ಸಾಲು ಸಾಲೇ ಕಲಸಿಹೋಗುತ್ತವೆ.

ನಿನ್ನ ಅಣ್ಣ