ಊರು ಕೇಳಿದ್ರೆ ಬೇಜಾರಾಗ್ಬೇಡ

ಪ್ರೀತಿಯ ಗೆಳೆಯ,

ಕಾರವಾರಕ್ಕೆ ವರ್ಗವಾಗಿ ಹೋದ ಮೇಲೆ ನೀನು ಬರೆದ ಪತ್ರ ತಲುಪಿತು. ಬ್ಯಾಂಕಿಗೆ ಬಂದವರು, ಮನೆ ಬಾಡಿಗೆಗೆ ಕೊಟ್ಟವರು, ಎಲ್ಲರೂ ಊರು ಕೇಳ್ತಾರೆ, ಬಾಯಿ ಬಿಟ್ಟ ಕೂಡಲೇ ಹೊರಗಿನವನು ಅಂತ ಗೊತ್ತಾಗಿಬಿಡುತ್ತೆ ಎಂದು ಬೇಸರ ಮಾಡಿಕೊಂಡಿದ್ದೀಯ. ನಿಜ. ನಿನ್ನ ಹಾವೇರಿಯ 'ಹೌದ್ರಿ' ಕಿವಿಗೆ ಬಿದ್ದರೆ ಸಾಕು, ಕರಾವಳಿಯವರಿಗೆ ನೀನು ಘಟ್ಟದ ಮೇಲಿನವನು. ಮೀನು ಮಾರ್ಕೆಟ್ಟಿನಲ್ಲಿ ಮೊದಲ ಮಾತು ಕೊಂಕಣಿಯಲ್ಲೇ ಬರುತ್ತದೆ. ನೀನು ಚೂರು ತಡವರಿಸಿದರೆ ಕನ್ನಡಕ್ಕೆ ಹೊರಳುತ್ತಾರೆ. ಅಷ್ಟರಲ್ಲೇ ಅವರ ಲೆಕ್ಕ ಮುಗಿದಿರುತ್ತದೆ.

ನಮ್ಮ ಶಿರಸಿ ಕಡೆ ಇದು ಇನ್ನೂ ಜಾಸ್ತಿ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜ, ಕಂಡಕ್ಟರ್ ಬರುವ ಮೊದಲೇ ಶುರು ಮಾಡುತ್ತಾರೆ. 'ಯಾವೂರಾಯ್ತು?' ಊರು ಹೇಳಿದರೆ 'ಅಲ್ಲಿ ಯಾರ ಮನೆ?' ಮನೆ ಹೇಳಿದರೆ 'ಇಂಥವರು ನಿಮಗೆ ಏನಾಗಬೇಕು?' ಜಾತಿ ಅಂತ ಒಂದು ಸಲವೂ ಬಾಯಿಬಿಟ್ಟು ಕೇಳಿರುವುದಿಲ್ಲ. ಮೂರನೇ ಉತ್ತರಕ್ಕೆ ಜಾತಿ, ಮನೆತನ, ತೋಟ ಇದೆಯೋ ಇಲ್ಲವೋ, ಎಲ್ಲ ಗೊತ್ತಾಗಿರುತ್ತದೆ. ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕಿತೋ, 'ಹಾಗಾದ್ರೆ ನಮ್ಮವರೇ ಆಯ್ತಲ್ಲ ಮಾರಾಯ್ರೆ' ಅಂತ ಕವಳದ (ಎಲೆ ಅಡಿಕೆಯ) ಸಂಚಿ ನಮ್ಮ ಕಡೆ ಬರುತ್ತದೆ. ಸಿಗದಿದ್ದರೆ ಮಾತು ಅಡಿಕೆ ದರಕ್ಕೆ ಹೋಗಿ ನಿಲ್ಲುತ್ತದೆ. ನನಗೆ ಆ ಪ್ರಶ್ನೆ ಇಷ್ಟವೇ. ಆದರೆ ಅದು ಒಳಗೆ ಕರೆಯುವಷ್ಟೇ ಸಲೀಸಾಗಿ ಹೊರಗೂ ಇಡುತ್ತದೆ.

'ನಮ್ಮವರು' ಅನ್ನಿಸೋದಕ್ಕೆ ಇಷ್ಟೆಲ್ಲ ಕಾರಣವೂ ಬೇಕಿಲ್ಲ. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರ ಮೇಲೆ ಮಾಡಿದ ಪ್ರಯೋಗ 1970ರಲ್ಲಿ ಪ್ರಕಟವಾಯಿತು. ಪರದೆ ಮೇಲೆ ಚುಕ್ಕೆ ತೋರಿಸಿ ಎಷ್ಟಿವೆ ಎಂದು ಅಂದಾಜು ಮಾಡಿಸಿದರು. ಜಾಸ್ತಿ ಹೇಳಿದವರದು ಒಂದು ಗುಂಪು, ಕಮ್ಮಿ ಹೇಳಿದವರದು ಇನ್ನೊಂದು ಎಂದರು. ನಿಜಕ್ಕೂ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಆಮೇಲೆ ದುಡ್ಡು ಹಂಚಿ ಎಂದಾಗ, ಯಾವ ಹುಡುಗನಿಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ, ಅವನ ಗುಂಪು ಮಾತ್ರ ಗೊತ್ತಿದ್ದರೂ ಹೆಚ್ಚಿನವರು ತಮ್ಮ ಗುಂಪಿನ ಕಡೆಗೇ ವಾಲಿದರು. ಇನ್ನೊಂದು ಪ್ರಯೋಗದಲ್ಲಂತೂ ತಮ್ಮವರಿಗೆ ಸ್ವಲ್ಪ ಕಮ್ಮಿ ಬಂದರೂ ಅಡ್ಡಿಯಿಲ್ಲ, ಆಚೆಯವರಿಗಿಂತ ಮುಂದಿರಬೇಕು ಅಂತ ಹಂಚಿದರು. ಆ ತಾಜ್‌ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯದಲ್ಲಿದ್ದು ಜರ್ಮನರಿಗೆ ಸೆರೆ ಸಿಕ್ಕವರು. ಅವರನ್ನು ಫ್ರಾನ್ಸಿನವರೆಂದೇ ನಂಬಿದ್ದರಿಂದ ಜೀವ ಉಳಿಯಿತು. ಯಾವೂರು ಅನ್ನೋದರ ಬೆಲೆ ಅವರಿಗೆ ಗೊತ್ತಿತ್ತು.

ಕ್ಯಾಥರೀನ್ ಕಿಂಜ್ಲರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ಅಮೆರಿಕದಲ್ಲಿ ಐದು ವರ್ಷದ ಬಿಳಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಬಂತು. ಬರೀ ಫೋಟೋ ತೋರಿಸಿ ಯಾರು ಗೆಳೆಯರಾಗಬೇಕು ಅಂದರೆ ಮಕ್ಕಳು ಬಿಳಿಯ ಮಗುವನ್ನೇ ತೋರಿಸಿದವು. ಮಾತು ಕೇಳಿಸಿದ ಮೇಲೆ ಆಯ್ಕೆ ಬದಲಾಯಿತು. ಪರದೇಶದ ಧಾಟಿಯಲ್ಲಿ ಮಾತಾಡುವ ಬಿಳಿಯ ಮಗುವಿಗಿಂತ, ತಮ್ಮ ಹಾಗೇ ಮಾತಾಡುವ ಕಪ್ಪು ಮಗು ಹೆಚ್ಚು ಹತ್ತಿರ ಅನ್ನಿಸಿತು. ಕಿವಿ ಕಣ್ಣನ್ನು ಗೆದ್ದಿತು.

ಇದನ್ನು ಓದಿದಾಗ ನನಗೆ ನಮ್ಮ ಜಿಲ್ಲೆಯ ಸಿದ್ದಿಗಳ ನೆನಪಾಗಿ ಸಂಕಟವಾಯಿತು. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ತಲೆಮಾರುಗಳಿಂದ ಇಲ್ಲೇ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೂ ಸೇರಿದರು. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಪೇಟೆಯಲ್ಲಿ ನಮ್ಮದೇ ಕನ್ನಡ. ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಿದ್ದಿ ಹುಡುಗ ಪ್ರವಾಸಿಯೊಬ್ಬರಿಗೆ ಅಚ್ಚ ಕನ್ನಡದಲ್ಲಿ ದಾರಿ ಹೇಳುತ್ತಿದ್ದ. ಅವರು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು. ಕೊನೆಗೆ 'ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯಾ, ಯಾವೂರು?' ಅಂದರು. ಹುಡುಗ ಹತ್ತಿರದ ಹಳ್ಳಿಯ ಹೆಸರು ಹೇಳಿದ. 'ಅದಿರ್ಲಿ, ಮೂಲ ಎಲ್ಲಿ?' ಅಂದರು. ಅವನು ಮತ್ತೆ ಅದೇ ಹಳ್ಳಿಯ ಹೆಸರು ಹೇಳಿ ಬಸ್ ಹತ್ತಿದ.

ಯಾವೂರು ಅಂತ ಕೇಳೋದರಲ್ಲಿ ನನಗೆ ತಪ್ಪು ಕಾಣೋದಿಲ್ಲ. ಹೇಳಿದ ಮೇಲೂ ನಂಬದೆ 'ಮೂಲ ಎಲ್ಲಿ' ಅನ್ನುತ್ತಾರಲ್ಲ, ಅದು ನೋಯಿಸುತ್ತದೆ. ನೀನು ಹಾವೇರಿ ಅಂದರೆ ಯಾರೂ ಎರಡನೇ ಸಲ ಕೇಳೋದಿಲ್ಲ, ಅಲ್ವಾ? ಹಾಗಾಗಿ ಬೇಜಾರಾಗದೆ ಹೇಳು, ಅವರ ಊರನ್ನೂ ಕೇಳು. ಕೈಗಾ ಅಣುಸ್ಥಾವರ, ನೌಕಾನೆಲೆ ಅಂತ ಹೊರಗಿನಿಂದ ಬಂದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಹತ್ತಿರವೂ ಮಾತಾಡು. ರಜೆ ಸಿಕ್ಕರೆ ಶಿರಸಿಗೆ ಬಾ. ಹೊರಡುವ ಮುಂಚೆ ಒಂದು ಫೋನ್ ಮಾಡು.

ನಿನ್ನ ಗೆಳೆಯ