ಮಂಗನ ಕಾಯಿಲೆ: ಒಪ್ಪಂದ ಸೊಪ್ಪಿನ ಬೆಟ್ಟದವರೆಗೂ ಬರಲಿ

ಮಾನ್ಯ ಸಂಪಾದಕರೇ,

ದೇಶದೇಶಗಳ ಆರೋಗ್ಯ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಸೊರಬದ ಕ್ಯಾಸನೂರು ಕಾಡು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದಾಗ, ಉಣುಗು ಕಚ್ಚಿ ಹರಡುವ ಈ ಮಂಗನ ಕಾಯಿಲೆಯ ವೈರಸ್ ಹುಡುಕಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಕೂಡಿ ಕಟ್ಟಿದ್ದು. ರಷ್ಯಾದ ಉಣುಗು ಜ್ವರದ ವೈರಸ್ಸಿಗೆ ಇದು ನೆಂಟ ಎಂದು ತಿಳಿದು, ಆ ಜ್ವರದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ನಾಟಲಿಲ್ಲ. ನೆಂಟಸ್ತಿಕೆ ಬೇರೆ, ಮನೆಮದ್ದು ಬೇರೆ!

ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ಅರಳಗೋಡಿನಲ್ಲಿ 2019ರ ಆರಂಭದಲ್ಲಿ ಈ ಕಾಯಿಲೆಯಿಂದ ಜನ ಸತ್ತ ಮೇಲೆ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟದಲ್ಲಿ ದರಗು (ಒಣ ಎಲೆ) ಗುಡಿಸಲು ಆಳು ಸಿಗುವುದೇ ಕಷ್ಟ. ಬಂದವರು ಕೈಕಾಲಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡೇ ಬೆಟ್ಟ ಹತ್ತುತ್ತಾರೆ. ಆಮೇಲೆ ಈ ಕಾಯಿಲೆಗೆಂದೇ ಮಾಡಿದ ಹಳೆಯ ಲಸಿಕೆಯೂ ಸಾಲದೆಂದು ನಿಂತಿದೆ.

ಇದೇ ವೈರಸ್ಸಿನ ತೀರ ಹತ್ತಿರದ ತಳಿ, ಅಲ್‌ಖುರ್ಮಾ, ಸೌದಿ ಅರೇಬಿಯಾದಲ್ಲಿದೆ. ಅಲ್ಲಿ ಅದರ ನಂಟು ಒಂಟೆ, ಕುರಿಗಳೊಂದಿಗೆ. ಇಲ್ಲಿ ಮಂಗ, ದನಗಳೊಂದಿಗೆ. ಎರಡು ದೇಶಗಳ ಪ್ರಯೋಗಾಲಯಗಳು ಮಾದರಿ, ಪರೀಕ್ಷಾ ವಿಧಾನ ಹಂಚಿಕೊಂಡರೆ ಹೊಸ ಲಸಿಕೆಯ ಕೆಲಸಕ್ಕೆ ಆಸರೆಯಾದೀತು. ಅಂಥ ಒಪ್ಪಂದವಾದರೆ ಅದರಲ್ಲಿ ಒಂದು ಷರತ್ತು ಸೇರಿಸಬೇಕು: ನಮ್ಮೂರಿನಲ್ಲಿ ತೆಗೆದ ರಕ್ತದ ಫಲಿತಾಂಶ ವಿದೇಶಿ ಪತ್ರಿಕೆಗೆ ಹೋಗುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಬರಬೇಕು, ಅದೂ ಕನ್ನಡದಲ್ಲಿ, ಡಿಸೆಂಬರಿನ ಉಣುಗು ಕಾಲಕ್ಕೆ ಮುಂಚೆ.

– ಒಬ್ಬ ಓದುಗ, ಸಾಗರ ತಾಲ್ಲೂಕು