ಮಿದುಳಿನ ರಕ್ತಸ್ರಾವಕ್ಕೆ ರಾತ್ರಿಯ ಸ್ಕ್ಯಾನ್ ಬೇಕು

ಮಾನ್ಯ ಸಂಪಾದಕರೇ,

ಮಿದುಳಿನೊಳಗೆ ಹೆಪ್ಪುಗಟ್ಟಿದ ರಕ್ತವನ್ನು, ತಲೆಬುರುಡೆಯನ್ನು ಅಗಲವಾಗಿ ತೆರೆಯದೆ ಬೆರಳು ಗಾತ್ರದ ಕೊಳವೆಯ ಮೂಲಕ ಹೊರತೆಗೆಯುವ ಶಸ್ತ್ರಚಿಕಿತ್ಸೆಯ ಸುದ್ದಿ ನಮ್ಮ ಭಾಗದಲ್ಲೂ ಹಬ್ಬಿದೆ. ಲಕ್ವಾ ಹೊಡೆದವರೆಲ್ಲ ಇನ್ನು ಎದ್ದು ನಡೆಯುತ್ತಾರೆ ಎಂಬಷ್ಟರ ಮಟ್ಟಿಗೆ ಅದು ಬೆಳೆದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಭರವಸೆಗೆ ಮುಖ್ಯ ಆಧಾರ ಅಮೆರಿಕದಲ್ಲಿ 300 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ‘ಎನ್‌ರಿಚ್’ ಅಧ್ಯಯನ. 24 ತಾಸಿನೊಳಗೆ ಶಸ್ತ್ರಚಿಕಿತ್ಸೆಯಾದವರ ಗುಂಪಿನಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇ 9.3; ಔಷಧೋಪಚಾರವನ್ನಷ್ಟೇ ಪಡೆದವರಲ್ಲಿ ಶೇ 18. ಆದರೆ ಅಲ್ಲಿ ಆಯ್ದುಕೊಂಡದ್ದು 30ರಿಂದ 80 ಮಿಲಿಲೀಟರ್ ರಕ್ತ ಕಟ್ಟಿಕೊಂಡವರನ್ನು. ಲಾಭ ಕಂಡದ್ದು ಮಿದುಳಿನ ಹೊರಪದರಕ್ಕೆ ಹತ್ತಿರದ ರಕ್ತಸ್ರಾವದಲ್ಲಿ. ಬಿ.ಪಿ. ಏರಿದವರಲ್ಲಿ ಸಾಮಾನ್ಯವಾಗಿ ಕಾಣುವ ಒಳಭಾಗದ ರಕ್ತಸ್ರಾವದಲ್ಲಿ ಪ್ರಯೋಜನ ಕಾಣದೆ, ಅಂಥವರನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಲಾಯಿತು.

ನನ್ನನ್ನು ಕಾಡುವುದು ಆ 24 ತಾಸು. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಕಾಕಾ ಕಣದಲ್ಲೇ ಕುಸಿದರು. ಬಾಯಿ ಸೊಟ್ಟಗಾಗಿ ಬಲಗೈ ಸೋತಿತ್ತು. ಮೊದಲು ಲಕ್ವಾಕ್ಕೆ ಬೇರು ಕೊಡುವವರ ಊರಿಗೆ ಒಯ್ದೆವು. ಆ ತಪ್ಪು ನಮ್ಮದೇ. ಆಸ್ಪತ್ರೆಗೆ ಬಂದಾಗ ರಾತ್ರಿಯಾಗಿತ್ತು, ಸ್ಕ್ಯಾನ್ ಮಾಡುವವರಿರಲಿಲ್ಲ. ಬೆಳಿಗ್ಗೆ ಕಲಬುರಗಿಯಲ್ಲಿ ಸ್ಕ್ಯಾನ್ ಆದ ಮೇಲೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕರೆದೊಯ್ಯಿರಿ ಎಂದರು. ಹೈದರಾಬಾದ್ ಮುಟ್ಟಿದ್ದು ಎರಡನೆಯ ದಿನದ ಸಂಜೆ. (ಚಿಂಚೋಳಿಯಿಂದ ತಾಂಡೂರಿನ ಮೇಲೆ ನೇರವಾಗಿ ಹೋಗಿದ್ದರೆ ಎಷ್ಟೋ ಮೊದಲೇ ಮುಟ್ಟುತ್ತಿದ್ದೆವು.) ಕಾಕಾ ಬದುಕಿದ್ದಾರೆ, ಮಾತು ಮರಳಿಲ್ಲ.

ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಾ ಯಾವುದು, ನಾಳ ಒಡೆದು ಬರುವುದು ಯಾವುದು ಎಂದು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಮೊದಲನೆಯದಕ್ಕೆ ಕೊಡುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಎರಡನೆಯದರಲ್ಲಿ ಪ್ರಾಣಕ್ಕೇ ಕುತ್ತು. ಆದ್ದರಿಂದ ಸಿ.ಟಿ. ಸ್ಕ್ಯಾನ್ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ರಕ್ತಸ್ರಾವವೆಂದು ತಿಳಿದೊಡನೆ ಒಂದು ತಾಸಿನೊಳಗೆ ಮೇಲಿನ ರಕ್ತದೊತ್ತಡವನ್ನು 140ಕ್ಕಿಂತ ಕೆಳಗಿಳಿಸಿ, ಜೊತೆಗೆ ಸಕ್ಕರೆ ಮತ್ತು ಜ್ವರವನ್ನು ಹಿಡಿತಕ್ಕೆ ತಂದರೆ ರೋಗಿಗಳು ಹೆಚ್ಚು ಚೇತರಿಸಿಕೊಳ್ಳುತ್ತಾರೆಂದು, ಭಾರತವೂ ಸೇರಿದಂತೆ 10 ದೇಶಗಳ 7 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ತೋರಿಸಿತು. ಇದಕ್ಕೆ ಕತ್ತರಿಯೂ ಬೇಡ, ಕೊಳವೆಯೂ ಬೇಡ.

ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ವಿಶೇಷ ಸ್ಥಾನಮಾನ ಪಡೆದ ನಮ್ಮ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಸ್ಕ್ಯಾನ್ ನಡೆಯುವಂತೆ ಸಿಬ್ಬಂದಿ ನೇಮಿಸಬೇಕು. ಚಿತ್ರವನ್ನು ಆ ಕ್ಷಣವೇ ಕಲಬುರಗಿಯ ನರರೋಗ ತಜ್ಞರಿಗೆ ಕಳುಹಿಸಿ, ಯಾವ ಊರಿಗೆ ಒಯ್ಯಬೇಕೆಂಬುದನ್ನು ಆಂಬುಲೆನ್ಸ್ ಹೊರಡುವ ಮೊದಲೇ ಅವರಿಂದ ತಿಳಿದುಕೊಳ್ಳುವ ವ್ಯವಸ್ಥೆಯಾಗಬೇಕು.

– ನಿವೃತ್ತ ಶಿಕ್ಷಕ, ಚಿಂಚೋಳಿ, ಕಲಬುರಗಿ ಜಿಲ್ಲೆ